ಕವಳೆಬೋರೆಗೆ ಹೂವು ಬಂದ ವಾರ

ಫೆಬ್ರವರಿ ಹನ್ನೆರಡರಂದು, ಕವಳೆಬೋರೆಯ ನೂರಾ ನಾಲ್ಕು ಎಕರೆ ಗೋಮಾಳದಲ್ಲಿ ಹುಲ್ಲಾಗಲಿ ಗಿಡವಾಗಲಿ ಬೆಳೆಯುವುದಿಲ್ಲ, ದನಕುರಿ ಮೇಯುವುದಿಲ್ಲ, ಇಡೀ ಜಾಗ ಬರಿಯ ಬಂಡೆ ಎಂದು ಮಹಜರಿನಲ್ಲಿ ಬರೆಯಲಾಯಿತು. ಹೇಳಿಕೆ ಕೊಟ್ಟವರು ಸಪ್ಪಲಮ್ಮ ಕೋಂ ವೆಂಕಟರಮಣಪ್ಪ, ಐವತ್ತೆಂಟು ವರ್ಷ, ವ್ಯವಸಾಯ. ಎಡಗೈ ಹೆಬ್ಬೆಟ್ಟಿನ ಗುರುತು ಇದೆ.

ಅವತ್ತು ಮಧ್ಯಾಹ್ನ ಸಪ್ಪಲಮ್ಮ ಟಾರು ರಸ್ತೆಯ ಮೇಲೆ ಹುರುಳಿ ಗಿಡ ಹರವಿದ್ದಳು. ದೊಡ್ಡಬಳ್ಳಾಪುರದ ಬಸ್ಸು, ಮಾಕಳಿದುರ್ಗ ಹತ್ತಲು ಬರುವ ಹುಡುಗರ ಬೈಕು, ಇಟ್ಟಿಗೆ ಲಾರಿ ಎಲ್ಲವೂ ಅದರ ಮೇಲೆ ಹಾಯ್ದು ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತಿದ್ದವು. ಒಂದು ಬಿಳಿ ಜೀಪು ಮಾತ್ರ ಹುರುಳಿಯನ್ನು ತುಳಿಯದೆ ಪಕ್ಕಕ್ಕೆ ನಿಂತಿತು. ಕೈಯಲ್ಲಿ ಪ್ಯಾಡು ಹಿಡಿದ ಯುವಕನೊಬ್ಬ ಇಳಿದ. ಅವನ ಹಿಂದೆ ಅದೇ ಊರಿನ ಪಂಚಾಯಿತಿ ಮೆಂಬರು ಭೀಮರಾಜ್ ಇಳಿದ.

"ಅಜ್ಜಿ, ಈ ಗುಡ್ಡದ ಮೇಲೆ ಏನೇನಿದೆ?" ಎಂದ ಯುವಕ.

"ಏನೈತೆ ಸಾಮಿ, ಬರೀ ಕಲ್ಲು. ಓತಿಕ್ಯಾತ ಕೂಡ ಮೇಲಕ್ಕೆ ಹೋಗಕ್ಕೆ ಯೋಚ್ನೆ ಮಾಡ್ತದೆ."

"ಹುಲ್ಲು?"

"ಹುಲ್ಲು ಇದ್ದಿದ್ರೆ ಹಸೀನ ಯಾಕೆ ಮಾರ್ತಿದ್ದೆ ಹೇಳಿ."

ಅವಳು ಯಾವ ಹಸುವನ್ನೂ ಮಾರಿರಲಿಲ್ಲ. ಎರಡು ಹಸು ಮನೆಯ ಹಿತ್ತಲಲ್ಲಿ ಬೋರೆಯ ಹುಲ್ಲನ್ನೇ ಮೆಲುಕು ಹಾಕುತ್ತಿದ್ದವು. ಯುವಕ ಬರೆದುಕೊಂಡ. ಭೀಮರಾಜ್ ನಕ್ಕ. ತನ್ನ ಜೊತೆ ಸೇರಿ ಈ ಪೇಟೆಯವನನ್ನು ನೋಡಿ ನಗುತ್ತಿದ್ದಾನೆ ಎಂದುಕೊಂಡು ಸಪ್ಪಲಮ್ಮನೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಹೆಬ್ಬೆಟ್ಟು ಒತ್ತು ಎಂದರು, ಒತ್ತಿದಳು.

ಆ ಊರಿನ ಹೆಂಗಸರಿಗೆಲ್ಲ ಅದು ಬಾಯಿಪಾಠವಾದ ಉತ್ತರ. ಸಪ್ಪಲಮ್ಮನ ಅತ್ತೆಯ ಕಾಲದಲ್ಲಿ ಚರ್ಮ ಹದ ಮಾಡುವವರಿಗೆ ಆವರಿಕೆ ಗಿಡದ ಚಕ್ಕೆ ಬೇಕಾಗಿತ್ತು. ಗುತ್ತಿಗೆದಾರರು ಗಾಡಿ ಕಟ್ಟಿಕೊಂಡು ಬಂದು ಬೋರೆಯ ಆವರಿಕೆಯನ್ನೆಲ್ಲ ಬುಡದಿಂದ ತುದಿಯವರೆಗೆ ಸುಲಿದು ಒಯ್ದರು. ಅವರ ಹಿಂದೆ ಪೊರಕೆ ಹುಲ್ಲಿನ ಹರಾಜಿನವರು ಬಂದರು, ಜೇನಿನವರು ಬಂದರು. ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಮೇಲೆ ಏನಿದೆ? ಏನೂ ಇಲ್ಲ ಅನ್ನುವುದನ್ನು ಹೆಂಗಸರು ಕಲಿತರು. ಬೋರೆಯ ರಸ್ತೆ ಕಡೆಯ ಮೈ ನಿಜವಾಗಿಯೂ ಬಂಡೆ. ಹುಲ್ಲು, ಹೂವು ಇರುವುದೆಲ್ಲ ಆ ಕಡೆಯ ಮೈಯಲ್ಲಿ, ಹೊಳೆಯ ಕಮರಿಗೆ ಇಳಿಯುವ ಇಳಿಜಾರಿನಲ್ಲಿ. ರಸ್ತೆಯಲ್ಲಿ ನಿಂತವರಿಗೆ ಸುಳ್ಳು ಸುಳ್ಳೆಂದು ಕಾಣುವುದಿಲ್ಲ. ಹೊಸ ಸೊಸೆ ಬಂದರೆ ನೀರಿನ ಬಾವಿ, ಉಪ್ಪಿನ ಮಡಕೆ ತೋರಿಸಿದ ಹಾಗೆಯೇ ಈ ಮಾತನ್ನೂ ಹೇಳಿಕೊಡುತ್ತಿದ್ದರು. ಮೂರು ತಲೆಮಾರು ಆ ಸುಳ್ಳು ಬೋರೆಯನ್ನು ಕಾದಿತ್ತು.

ಭೀಮರಾಜನೂ ಆ ಊರಿನಲ್ಲೇ ಹುಟ್ಟಿದವನು. ಅವನ ತಾಯಿಯೂ ಅದನ್ನೇ ಹೇಳುತ್ತಿದ್ದಳು. ಬೋರೆಯಲ್ಲಿ ಏನೂ ಇಲ್ಲ ಎಂಬ ಮಾತು ಯಾರ ಬಾಯಿಂದ ಸಲೀಸಾಗಿ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಜೀಪನ್ನು ನೇರವಾಗಿ ಅವಳ ಹುರುಳಿಯ ಪಕ್ಕಕ್ಕೆ ತಂದು ನಿಲ್ಲಿಸಿದ್ದ.

*

ಸಂಗತಿ ಗೊತ್ತಾದದ್ದು ತಿಂಗಳ ಮೇಲೆ, ಒಂದು ಸೋಮವಾರದ ಸಂಜೆ. ಸೊಸೆ ಶಿಲ್ಪ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಫ್ಯಾಕ್ಟರಿ ಬಸ್ಸು ಅವಳನ್ನು ಇಳಿಸುವುದು ಪಂಚಾಯಿತಿ ಆಫೀಸಿನ ಎದುರಿಗೆ. ಗೋಡೆಗೆ ಅಂಟಿಸಿದ್ದ ಕಾಗದಗಳನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು, ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅತ್ತೆ, ನೀವು ಯಾರಿಗಾದ್ರೂ ಹೆಬ್ಬೆಟ್ಟು ಕೊಟ್ಟಿದ್ರಾ?"

"ಸೊಸೈಟೀಲಿ ತಿಂಗ್ಳಾ ತಿಂಗ್ಳಾ ಕೊಡ್ತೀನಲ್ಲ, ಅಕ್ಕಿಗೆ."

"ಅದಲ್ಲ. ಬೋರೆ ಬಗ್ಗೆ."

ಸಪ್ಪಲಮ್ಮ ಮುದ್ದೆಯ ಕೋಲನ್ನು ಹಿಟ್ಟಿನಲ್ಲೇ ಬಿಟ್ಟಳು. ಶಿಲ್ಪ ಓದಿದಳು. ಕಲ್ಲು ಗಣಿಗಾರಿಕೆ ಗುತ್ತಿಗೆ, ಇಪ್ಪತ್ತು ವರ್ಷ. ಸದರಿ ಜಾಗ ನಿರುಪಯುಕ್ತ ಬಂಡೆಯೆಂದು ಗ್ರಾಮಸ್ಥರೇ ಹೇಳಿಕೆ ನೀಡಿರುತ್ತಾರೆ. ಶುಕ್ರವಾರ ಹನ್ನೊಂದು ಗಂಟೆಗೆ ಅಧಿಕಾರಿಗಳಿಂದ ಜಂಟಿ ಸ್ಥಳ ಪರಿಶೀಲನೆ. ಹೇಳಿಕೆದಾರರು ಹಾಜರಿದ್ದು ತಮ್ಮ ಹೇಳಿಕೆಯನ್ನು ದೃಢಪಡಿಸತಕ್ಕದ್ದು.

"ಗ್ರಾಮಸ್ಥರು ಅಂದ್ರೆ ಯಾರ್ಯಾರು?" ಎಂದಳು ಸಪ್ಪಲಮ್ಮ.

"ನೀವೊಬ್ರೇ ಅತ್ತೆ. ಕೆಳಗೆ ಬೇರೆ ಹೆಸರೇ ಇಲ್ಲ."

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದರೂ ಅದೇ ಇತ್ತು. ಸೊಸೈಟಿಯ ಮಿಷಿನ್ನಿನ ಮೇಲೆ ಅವಳ ಹೆಬ್ಬೆಟ್ಟು ಯಾವ ತಿಂಗಳೂ ಮೊದಲನೇ ಸಲಕ್ಕೆ ಹೊಂದಿದ್ದಿಲ್ಲ. ಕುಡುಗೋಲು ಹಿಡಿದೂ ಹಿಡಿದೂ ಗೆರೆ ಸವೆದಿವೆ ಎಂದು ಅಂಗಡಿಯವನು ಗೊಣಗುತ್ತಿದ್ದ. ಕೈ ತೊಳೆದುಕೊಂಡು ಬಾ, ನಾಳೆ ಬಾ ಅನ್ನುತ್ತಿದ್ದ. ಐದು ಕೇಜಿ ಅಕ್ಕಿಗೆ ಸಾಲದ ಆ ಬೆರಳು ನೂರಾ ನಾಲ್ಕು ಎಕರೆಯನ್ನು ಅಳಿಸಿಹಾಕಲು ಒಂದೇ ಒತ್ತಿಗೆ ಸಾಕಾಗಿತ್ತು.

ಮುದ್ದೆ ಗಂಟಾಯಿತು. ಅವಳ ಮನೆಯಲ್ಲಿ ಮುದ್ದೆ ಗಂಟಾದದ್ದನ್ನು ಶಿಲ್ಪ ನೋಡಿದ್ದು ಅದೇ ಮೊದಲು.

*

ಮಹಜರು ನಡೆದ ಮೇಲೆ, ಫೆಬ್ರವರಿಯ ಕೊನೆಗೆ ಎರಡು ಮಳೆ ಬಿದ್ದಿತ್ತು. ಕಾಲವಲ್ಲದ ಕಾಲದ ಮಳೆ. ಮಾವಿನ ಹೂವು ಉದುರಿತೆಂದು ತೋಟದವರು ಬೈದುಕೊಂಡರು. ಬೋರೆ ಮಾತ್ರ ಎದ್ದು ಕೂತಿತು. ಒಣಗಲು ಶುರುವಾಗಿದ್ದ ತುಂಬೆ ಬುಡದಿಂದ ಚಿಗುರಿ ಬೆಳ್ಳಗಾಯಿತು. ಹುಲ್ಲಿನ ಬುಡದಲ್ಲಿ ವಿಷ್ಣುಕ್ರಾಂತಿಯ ನೀಲಿ ಚುಕ್ಕೆಗಳು. ಕವಳೆ ಗಿಡದ ಮುಳ್ಳು ಕಾಣದಷ್ಟು ಹೂವು. ಕಮರಿಯ ಅಂಚಿನಲ್ಲಿ ಜಾಲಾರಿ ಮರಗಳು ಬಿಟ್ಟ ವಾಸನೆ ಗಾಳಿ ತಿರುಗಿದರೆ ಊರಿನ ಬಾವಿಕಟ್ಟೆಯವರೆಗೂ ಬರುತ್ತಿತ್ತು. ಆವರಿಕೆಯಂತೂ ಆ ಕಡೆಯ ಇಳಿಜಾರು ಸಾಲದೆಂದು ನೆತ್ತಿಯನ್ನು ದಾಟಿ ಈ ಕಡೆಯ ಬಂಡೆಗಳ ಸಂದಿಗೂ ಹಳದಿಯನ್ನು ಇಳಿಸಿತ್ತು.

ಬೇರೆ ವರ್ಷವಾದರೆ ಸಪ್ಪಲಮ್ಮ ಅದನ್ನು ನೋಡಿ ಹಿಗ್ಗುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದವಳು ತಲೆಯೆತ್ತಿ ನೋಡಿ ಚೊಂಬನ್ನು ಅಲ್ಲೇ ಇಟ್ಟಳು. ನೆತ್ತಿಯ ಹಳದಿ ನಿನ್ನೆಗಿಂತ ಒಂದು ಮಾರು ಕೆಳಗೆ ಬಂದಿದೆಯೆನ್ನಿಸಿತು. ಇನ್ನೂ ಮೂರು ದಿನ. ಹೀಗೇ ಇಳಿದರೆ ಶುಕ್ರವಾರ ಜೀಪಿನಲ್ಲಿ ಕೂತವರಿಗೆ ಕುತ್ತಿಗೆ ಹೊರಳಿಸುವ ಕೆಲಸವೂ ಇರುವುದಿಲ್ಲ.

ಅವರು ನೋಡಿದರೆ ಬೋರೆ ಉಳಿಯಬಹುದು. ಅವರು ನೋಡಿದರೆ ಅವಳು ಸುಳ್ಳುಗಾರಳಾಗುತ್ತಾಳೆ. ಎರಡೂ ಒಂದೇ ಹೂವಿನಲ್ಲಿ ಗಂಟು ಬಿದ್ದಿದ್ದವು. ಅವಳು ಹೊಸ್ತಿಲ ಮೇಲೆ ಕೂತಳು.

ಹತ್ತು ಗಂಟೆಗೆ ಭೀಮರಾಜ್ ಬಂದ. ಕೈಯಲ್ಲಿ ಸ್ವೀಟ್ ಬಾಕ್ಸ್ ಇತ್ತು.

"ದೊಡ್ಡಮ್ಮ, ಹುಷಾರಾಗಿದ್ದೀಯಾ? ಎಲ್ಲಿ ದೊಡ್ಡಪ್ಪ?"

ವೆಂಕಟರಮಣಪ್ಪ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ಅರವತ್ತೈದರ ಮನುಷ್ಯ. ಮೆಂಬರಾಗಲಿ ವಿಲೇಜ್ ಅಕೌಂಟೆಂಟಾಗಲಿ ಬಂದರೆ ಎದ್ದು ನಿಂತು ಮಾತಾಡುವವನು. ತನ್ನ ಮನೆಯ ಜಗಲಿಯಲ್ಲಿ ಭೀಮರಾಜ್ ಕೂತಿದ್ದ, ಅವನು ನಿಂತಿದ್ದ.

"ಯಾಕೆ ಭೀಮ, ನನ್ನ ಹತ್ರ ಹಂಗೆ ಬರೆಸ್ಕೊಂಡೆ?" ಎಂದಳು ಸಪ್ಪಲಮ್ಮ.

"ನಾನೆಲ್ಲಿ ಬರೆಸ್ಕೊಂಡೆ? ಕೇಳಿದ್ದು ಆಫೀಸರು, ಹೇಳಿದ್ದು ನೀನು. ಓತಿಕ್ಯಾತದ ಡೈಲಾಗು ಹೊಡೆದು ನಗ್ಸಿದ್ದೂ ನೀನೇ."

"ಅದು ಹೊರಗಿನವ್ರಿಗೆ ಹೇಳೋ ಮಾತು ಅಂತ ನಿಂಗೆ ಗೊತ್ತಿಲ್ವೇನೋ? ನಿಮ್ಮಮ್ಮನೂ ಹೇಳ್ತಿರ್ಲಿಲ್ವ?"

"ನಮ್ಮಮ್ಮ ಬಾಯಲ್ಲಿ ಹೇಳ್ತಿದ್ಲು. ನೀನು ಹೆಬ್ಬೆಟ್ಟಲ್ಲಿ ಹೇಳಿದ್ದೀಯ." ಅವನು ಬಾಕ್ಸನ್ನು ಅವಳ ಕಡೆಗೆ ಸರಿಸಿದ. "ಆಗಿದ್ದು ಆಯ್ತು. ಈಗ ನಿನ್ನ ಒಳ್ಳೇದಕ್ಕೇ ಬಂದಿದ್ದೀನಿ. ಶುಕ್ರವಾರ ದೊಡ್ಡ ಆಫೀಸರು ಬರ್ತಾರೆ. ಏನೂ ಇಲ್ಲ ಅಂತ ನೀನು ಬರ್ಕೊಟ್ಟಿದ್ದೀಯ. ಮೇಲೆ ಹತ್ತಿ ನೋಡಿದ್ರೆ ಹೂವಿನ ಸಂತೆ! ಏನಾಯ್ತದೆ? ಸರ್ಕಾರಕ್ಕೆ ಸುಳ್ಳು ಮಾಹಿತಿ ಕೊಟ್ಟಂಗಾಯ್ತು. ಕೇಸು. ಆರು ತಿಂಗಳು ಒಳಗೆ."

ವೆಂಕಟರಮಣಪ್ಪ ಜಗಲಿಯ ಕಂಬ ಹಿಡಿದುಕೊಂಡ. "ಏನಾದ್ರೂ ದಾರಿ ತೋರ್ಸಪ್ಪ."

"ದಾರಿ ನಿಮ್ಮನೇಲೇ ಐತಲ್ಲ ದೊಡ್ಡಪ್ಪ. ನಿಮ್ದು ಬೆಂಕಿ ಮನೆ. ಪ್ರತಿ ವರ್ಷ ಹಚ್ತೀರಿ. ಈ ವರ್ಷ ಹತ್ತು ದಿನ ಮುಂಚೆ ಹಚ್ಚಿ. ಗುರುವಾರ ಹನ್ನೊಂದು ಗಂಟೆಗೆ. ಶುಕ್ರವಾರ ಬಂದವ್ರಿಗೆ ಕರೀ ಬೂದಿ, ಬಂಡೆ. ದೊಡ್ಡಮ್ಮ ಹೇಳಿದ್ದು ನಿಜಾನೇ ಅಂತ ಅವರೇ ಬರ್ಕೊಂಡು ಹೋಗ್ತಾರೆ."

ಬೆಂಕಿ ಮನೆಯೆಂದರೆ ಇಷ್ಟು. ಉಗಾದಿ ಕಳೆದು ಹೂವೆಲ್ಲ ಬೀಜವಾಗಿ ಉದುರಿದ ಮೇಲೆ ಬೋರೆಯ ಒಣಹುಲ್ಲಿಗೆ ಬೆಂಕಿ ಕೊಡುತ್ತಾರೆ. ಮೊದಲ ಮಳೆಗೆ ಕುರಿಗಳಿಗೆ ಎಳೆ ಹುಲ್ಲು ಬರಲಿ ಎಂದು. ಬೀಜ ಬೀಳುವ ಮೊದಲು ಸುಟ್ಟರೆ ಮುಂದಿನ ವರ್ಷಕ್ಕೆ ಏನೂ ಇರುವುದಿಲ್ಲ. ಆದ್ದರಿಂದ ದಿನ ಹೇಳುವ ಅಧಿಕಾರ ಒಂದೇ ಮನೆಯದು, ಆ ಮನೆಯ ಹಿರಿ ಹೆಂಗಸಿನದು. ಅವಳು ಮೇಲೆ ಹತ್ತಿ, ತುಂಬೆಯ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಕಪ್ಪು ಬೀಜ ಉದುರಿದರೆ ಬೀಜ ಬಿದ್ದಿದೆ ಎಂದು ಊರಿಗೆ ಹೇಳಬೇಕು. ಮೊದಲ ಬೆಂಕಿ ಅವಳ ಕೈಯಿಂದಲೇ. ಅಲ್ಲಿಯವರೆಗೆ ಬೋರೆಯ ಮೇಲೆ ಬೀಡಿ ಹಚ್ಚಿದವನನ್ನೂ ಊರು ಸುಮ್ಮನೆ ಬಿಡುವುದಿಲ್ಲ. ಹನ್ನೊಂದು ವರ್ಷದಿಂದ ಆ ಕೈ ಸಪ್ಪಲಮ್ಮನದು.

"ಬೇರೆ ಯಾರಾದ್ರೂ ಹಚ್ಚಿದ್ರೆ ಊರು ದೊಣ್ಣೆ ತಗೊಂಡು ಬರ್ತದೆ," ಎಂದ ಭೀಮರಾಜ್. "ನೀನು ಹಚ್ಚಿದ್ರೆ ಯಾರೂ ತುಟಿ ಬಿಚ್ಚಲ್ಲ."

ಏಳುವಾಗ ಅವನು ವೆಂಕಟರಮಣಪ್ಪನ ಹೆಗಲ ಮೇಲೆ ಕೈಯಿಟ್ಟ. "ನಿಮ್ಮ ಎರಡೆಕರೆ ಬಗರ್ ಹುಕುಂ ಅರ್ಜಿ ಎಲ್ಲೈತೆ ಅಂತ ಮೊನ್ನೆ ವಿಚಾರ್ಸ್ದೆ. ಇದೇ ಆಫೀಸರ್ ಟೇಬಲ್ ಮೇಲೈತೆ."

*

ಅವತ್ತು ಮತ್ತು ಮರುದಿನ ಆ ಮನೆಯಲ್ಲಿ ಯಾರೂ ಒಂದು ಮಾತನ್ನು ಪೂರ್ತಿಯಾಗಿ ಆಡಲಿಲ್ಲ. ಮಗ ಅಶೋಕ್ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಲಗೇಜು ಸಾಗಿಸುವ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಫೋನಿನಲ್ಲಿ ಅವನು ಹೇಳಿದ್ದು ಒಂದೇ: "ಅಮ್ಮಾ, ಪೊಲೀಸು ಗಿಲೀಸು ಅಂದ್ರೆ ನನ್ನ ಏರ್‌ಪೋರ್ಟ್ ಪಾಸು ಕ್ಯಾನ್ಸಲ್ ಮಾಡ್ತಾರೆ. ಏನೋ ಒಂದು ಮಾಡಿ ಮುಗ್ಸಿ."

ಬುಧವಾರ ಸಂಜೆ ಶಿಲ್ಪ ಹಾಲು ಕಾಯಿಸುತ್ತ ಕೇಳಿದಳು: "ಅತ್ತೆ, ಶುಕ್ರವಾರ ನಾನು ಹೇಳಿದ್ದು ಸುಳ್ಳು ಅಂತ ಹೇಳ್ಬಿಟ್ರೆ?"

"ಹೇಳಿದ್ರೆ ಹಿಡ್ಕೊಂಡು ಹೋಗ್ತಾರಂತಲ್ಲೇ."

"ಹಂಗಂತ ಹೇಳಿದ್ದು ಭೀಮರಾಜಣ್ಣ. ಕಾನೂನಲ್ಲ."

"ನಿಂಗೆ ಕಾನೂನು ಗೊತ್ತಾ?"

ಶಿಲ್ಪಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರ ಪರಿಚಯವೂ ಇರಲಿಲ್ಲ. ಕಾನೂನು ಆ ಊರಿಗೆ ಬರುತ್ತಿದ್ದದ್ದೇ ಭೀಮರಾಜನ ಬೈಕಿನ ಹಿಂದಿನ ಸೀಟಿನಲ್ಲಿ ಕೂತು.

"ಬೆಂಕಿ ಹಚ್ಚಿದ್ರೆ ಏನಾಗ್ತದೆ ಅಂತ ನಿಮಗೆ ಗೊತ್ತಲ್ಲ," ಎಂದಳು ಶಿಲ್ಪ, ಹಾಲಿನಿಂದ ಕಣ್ಣು ತೆಗೆಯದೆ.

ವೆಂಕಟರಮಣಪ್ಪ ನಡುಮನೆಯಿಂದ ಕೂಗಿದ. "ಏನಾಗ್ತದೆ? ಹೂವು ತಾನೇ? ಹೂವಿಗೋಸ್ಕರ ನಿಮ್ಮತ್ತೇನ ಜೈಲಿಗೆ ಕಳಿಸ್ತೀಯಾ? ನಾಳೆ ಹೋಗಿ ಹಚ್ಚಿ ಬರ್ತಾಳೆ, ಮುಗೀತು."

ಗಂಡ ಹೇಳಿದ್ದನ್ನು ಸಪ್ಪಲಮ್ಮ ನಲವತ್ತು ವರ್ಷದಲ್ಲಿ ಎದುರಿಗೆ ನಿಂತು ಅಲ್ಲವೆಂದವಳಲ್ಲ. ಈಗಲೂ ಅನ್ನಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೂ ಕಾಣಲಿಲ್ಲ. ಬರೀ ಹೂವು. ದೇವರಿಗೆ ಒಂದು ಹಿಡಿ, ಮುಡಿಗೆ ಒಂದು ಎಸಳು, ಉಳಿದದ್ದನ್ನು ಕುರಿ ತಿನ್ನುತ್ತದೆ. ಹಾಗೆಂದುಕೊಂಡು ಮಲಗಿದಳು. ಕಣ್ಣು ಮುಚ್ಚಿದರೆ ಎತ್ತಿನ ಹಾಗೆ ಲಾಳ ಕಟ್ಟಿದ ಜೀಪು ಬಂದು ನಿಲ್ಲುತ್ತಿತ್ತು. ಜೀಪಿಗೆ ಲಾಳ ಯಾಕೆ ಎಂದು ಯೋಚಿಸುತ್ತ ಎಚ್ಚರವಾಗುತ್ತಿತ್ತು.

*

ಗುರುವಾರ ಒಂಬತ್ತು ಗಂಟೆಗೆ ಅವಳು ಒಬ್ಬಳೇ ಬೋರೆ ಹತ್ತಿದಳು. ಬೀಜ ನೋಡಿ ಬರುವವಳು ಒಬ್ಬಳೇ ಹೋಗಬೇಕು. ಹನ್ನೊಂದಕ್ಕೆ ಭೀಮರಾಜನೂ ಗಂಡನೂ ಮೇಲೆ ಬರುವುದೆಂದು ಮಾತಾಗಿತ್ತು.

ನೆತ್ತಿ ದಾಟಿದ ಕೂಡಲೆ ಆ ಕಡೆಯ ಇಳಿಜಾರು ಒಮ್ಮೆಗೇ ತೆರೆದುಕೊಂಡಿತು. ಮೊಣಕಾಲುದ್ದ ಹುಲ್ಲು, ಅದರೊಳಗೆ ಬಿಳಿ, ಹಳದಿ, ನೀಲಿ. ಇಳಿಜಾರಿನ ಕೊನೆಗೆ ನೆಲ ಕಡಿದು ಕಮರಿಯಾಗುತ್ತದೆ. ಅದರ ತಳದಲ್ಲಿ ಬಂಡೆಗಳ ನಡುವೆ ಹೊಳೆ. ಹೊಳೆಯೆಂದರೂ ಈ ಕಾಲದಲ್ಲಿ ನಾಲ್ಕಾರು ಮಡುಗಳು, ಒಂದರಿಂದ ಒಂದಕ್ಕೆ ದಾರದಷ್ಟು ನೀರು. ಮಡುಗಳ ಪಕ್ಕದಲ್ಲಿ ಮುತ್ತುಗ ಕೆಂಪಾಗಿ ನಿಂತಿತ್ತು. ಗಾಳಿ ಕಮರಿಯಿಂದ ಮೇಲಕ್ಕೆ ಬೀಸುತ್ತಿತ್ತು. ಹನ್ನೊಂದರ ಹೊತ್ತಿಗೆ ಅದು ಇನ್ನೂ ಜೋರಾಗುತ್ತದೆಂದು ಅವಳಿಗೆ ಗೊತ್ತು. ಕೆಳಗೆ ಒಂದು ಕಡ್ಡಿ ಗೀರಿದರೆ ಸಾಕು, ಹೊಗೆ ನೆತ್ತಿ ಮುಟ್ಟಲು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಕಾಗುವುದಿಲ್ಲ.

ಬಗ್ಗಿ ಒಂದು ತುಂಬೆಯ ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿದಳು. ಹಸಿರು ತೇವ ಮಾತ್ರ ಅಂಟಿತು. ಇನ್ನೊಂದು ಕಿತ್ತಳು. ಅದೂ ಹಾಗೇ. ಆವರಿಕೆಯ ಕಾಯಿ ಬಿಡಿಸಿದಳು, ಒಳಗೆ ಹಾಲುಗಾಳು. ಎಲ್ಲಾದರೂ ಒಂದು ಕಡೆ ಬೀಜ ಬಲಿತಿದ್ದರೆ ತನಗೆ ತಾನು ಹೇಳಿಕೊಳ್ಳಲು ಆದೀತೆಂದು ಇಳಿಜಾರಿನಲ್ಲಿ ಅಡ್ಡಡ್ಡ ನಡೆದಳು, ಹತ್ತು ಕಡೆ ಬಗ್ಗಿದಳು. ಬೆರಳೆಲ್ಲ ಹಸಿರಾದವು. ಕವಳೆ ಪೊದೆಯ ಬುಡದಿಂದ ಒಂದು ಕೌಜುಗ ಪುರ್ರನೆ ಎದ್ದು, ದೂರ ಹೋಗದೆ ಅಲ್ಲೇ ಸುತ್ತಿ ಕಿರುಚಿತು. ಮೊಟ್ಟೆ ಇರಬೇಕು. ಅವಳು ನೋಡಲಿಲ್ಲ. ನೋಡಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಕೆಳಗಿನ ಬಂಡೆಯ ನೆರಳಲ್ಲಿ ಕುರಿ ಮುನಿಶಾಮಪ್ಪ ಕೂತಿದ್ದ. ಎಪ್ಪತ್ತರ ಮುದುಕ, ಬೋರೆಯ ಮೇಲೆ ಅವನು ಕಾಣದ ದಿನವಿಲ್ಲ. ಮೂವತ್ತು ಕುರಿ ಹೂವಿಗೆ ಬಾಯಿ ಹಾಕುತ್ತಿದ್ದವು.

"ಏನಕ್ಕ, ಈಗ್ಲೇ ಬಂದ್ಬಿಟ್ಟೆ? ಉಗಾದಿ ಆಗಿಲ್ಲ, ಒಬ್ಬಟ್ಟಿನ ವಾಸ್ನೆ ಬಂದಿಲ್ಲ," ಎಂದು ನಕ್ಕ.

"ಕುರಿ ಹೊಡ್ಕೊಂಡು ಕೆಳಗೆ ಹೋಗಣ್ಣ."

"ಯಾಕೆ?"

"ಇವತ್ತು ಬೆಂಕಿ."

ಮುನಿಶಾಮಪ್ಪ ಕೋಲನ್ನು ನೆಲಕ್ಕೆ ಊರಿ ಎದ್ದ. ಅವಳ ಮುಖ ನೋಡಿದ. ಸುತ್ತ ನೋಡಿದ. ಅವನ ಕಾಲ ಬುಡದಲ್ಲೇ ತುಂಬೆ ಬೆಳ್ಳಗೆ ಅರಳಿತ್ತು. ದುಂಬಿಯೊಂದು ಒಂದರಿಂದ ಒಂದಕ್ಕೆ ಹಾರುತ್ತಿತ್ತು.

"ಬೀಜ ಬಿದ್ದೈತಾ?"

ಸಪ್ಪಲಮ್ಮ ಬಾಯಿ ತೆರೆದಳು. ಬಾಯಿಪಾಠವಾದ ಮಾತಿನಷ್ಟೇ ಸಲೀಸಾಗಿ ಬಂತು. "ಬಿದ್ದೈತೆ."

ಅವನು ಇನ್ನೊಮ್ಮೆ ಕಾಲ ಬುಡಕ್ಕೆ ನೋಡಿದ. ಬೈಯುತ್ತಾನೆ, ನಗುತ್ತಾನೆ, ಕಣ್ಣು ಕಾಣಲ್ವಾ ಅನ್ನುತ್ತಾನೆ ಎಂದು ಅವಳು ಕಾದಳು. ಬೈಯಲಿ ಎಂದು ಬೇಡಿಕೊಂಡಳು. ಅವನು ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡ.

"ನನ್ನ ಕಣ್ಣಿಗೆ ಪೊರೆ ಬಂದೈತಂತೆ, ಕಣ್ಣಿನ ಕ್ಯಾಂಪಲ್ಲಿ ಹೇಳಿದ್ರು. ಎಲ್ಲಾ ಬೆಳ್ಳಗೆ ಕಾಣ್ತದೆ. ನೀನು ಬಿದ್ದೈತೆ ಅಂದ್ಮೇಲೆ ಬಿದ್ದಿರ್ತದೆ ಬಿಡು." ಕುರಿಗಳಿಗೆ ನಾಲಗೆ ಲೊಚಗುಟ್ಟಿದ. "ಹಾಯ್, ಹಾಯ್! ನಡೀರಿ."

ಕುರಿಗಳು ಬಾಯಲ್ಲಿ ಹೂವು ಕಚ್ಚಿಕೊಂಡೇ ತಿರುಗಿದವು. ಅವನು ಹಿಂತಿರುಗಿ ನೋಡದೆ ನೆತ್ತಿ ದಾಟಿ ಊರ ಕಡೆಗೆ ಇಳಿದುಹೋದ.

ಸಪ್ಪಲಮ್ಮ ನಿಂತೇ ಇದ್ದಳು. ಪೇಟೆಯವನು ಅವಳ ಮಾತು ನಂಬಿದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ಅವನು ರಸ್ತೆಯಲ್ಲಿ ನಿಂತು ನಂಬಿದ್ದ. ಮುನಿಶಾಮಪ್ಪ ಹೂವಿನಲ್ಲಿ ನಿಂತು ನಂಬಿದ. ತನ್ನ ಕಣ್ಣಿಗಿಂತ ಅವಳ ಬಾಯಿಯನ್ನು ನಂಬಿದ. ಇನ್ನರ್ಧ ಗಂಟೆಗೆ ಹೊಗೆ ಎದ್ದರೆ ಊರಿನ ಒಂದೊಂದು ಮನೆಯೂ ಹೀಗೇ ತಲೆಯೆತ್ತಿ ನೋಡಿ, ಸಪ್ಪಲಮ್ಮ ಹಚ್ಚಿದ್ದಾಳೆ, ಬೀಜ ಬಿದ್ದಿರಬೇಕು ಎಂದುಕೊಂಡು ತಮ್ಮ ಕೆಲಸಕ್ಕೆ ಹೋಗುತ್ತದೆ. ಭೀಮರಾಜನಿಗೆ ಬೇಕಾಗಿದ್ದದ್ದು ಅವಳ ಹೆಬ್ಬೆಟ್ಟೂ ಅಲ್ಲ, ಬೆಂಕಿಯೂ ಅಲ್ಲ. ಹೆಬ್ಬೆಟ್ಟು ಯಾರದಾದರೂ ಸಿಗುತ್ತದೆ, ಬೆಂಕಿ ಯಾವ ಪೊಟ್ಟಣದಲ್ಲಾದರೂ ಇರುತ್ತದೆ. ಊರು ನಂಬುವ ಈ ಬಾಯಿ ಇನ್ನೆಲ್ಲೂ ಸಿಗುವುದಿಲ್ಲ.

ಕೂತರೆ ಏಳಲಾರೆನೇನೋ ಎಂದು ಹೆದರಿ ಅವಳು ನಿಂತೇ ಇದ್ದಳು.

*

ಹನ್ನೊಂದಕ್ಕಿಂತ ಮೊದಲೇ ಇಬ್ಬರೂ ನೆತ್ತಿ ದಾಟಿ ಬಂದರು. ಭೀಮರಾಜನ ಕೈಯಲ್ಲಿ ಬಟ್ಟೆ ಸುತ್ತಿದ ಪಂಜು, ವೆಂಕಟರಮಣಪ್ಪನ ಕೈಯಲ್ಲಿ ಸೀಮೆಎಣ್ಣೆಯ ಬಾಟಲು. ಹತ್ತಿದ ಏದುಸಿರಿಗೆ ಅವನಿಗೆ ಮಾತು ಹೊರಡುತ್ತಿರಲಿಲ್ಲ.

"ಗಾಳಿ ಸೂಪರಾಗೈತೆ," ಎಂದ ಭೀಮರಾಜ್. "ಕೆಳಗಿನ ಅಂಚಿಂದ ಹಚ್ಚು ದೊಡ್ಡಮ್ಮ. ಮುನಿಶಾಮಪ್ಪ ಸಿಕ್ಕಿದ್ದ ದಾರೀಲಿ. ಬೀಜ ಬಿದ್ದೈತಂತೆ ಅಂದ. ಭಲೇ!"

ಅವನು ಪಂಜಿಗೆ ಎಣ್ಣೆ ಹಾಕಿಸಿಕೊಂಡು ಅವಳ ಕಡೆಗೆ ಚಾಚಿದ. ಜಾಲಾರಿಯ ವಾಸನೆಯ ಮೇಲೆ ಸೀಮೆಎಣ್ಣೆಯ ವಾಸನೆ ಬಿತ್ತು.

"ಬೀಜ ಬಿದ್ದಿಲ್ಲ," ಎಂದಳು ಸಪ್ಪಲಮ್ಮ.

"ಏನು?"

"ಬಿದ್ದಿಲ್ಲ. ಮುನಿಶಾಮಣ್ಣಂಗೆ ನಾನು ಸುಳ್ಳು ಹೇಳ್ದೆ."

ಭೀಮರಾಜ್ ನಕ್ಕ. "ನಿಂದೊಳ್ಳೆ ಕತೆ! ಬೀಜ ಯಾರಿಗೆ ಬೇಕಾಗೈತೆ ಈಗ? ಮುಂದಿನ ವರ್ಷ ಇಲ್ಲಿ ಜೆಲ್ಲಿ ಮಿಷಿನ್ನು. ಜೆಲ್ಲಿ ಕಲ್ಲಿಗೆ ಬೀಜ ಬಿತ್ತೀಯಾ?"

ಅವನ ಬಾಯಿಂದ ಅದು ಅಷ್ಟು ಬಿಡಿಸಿ ಬಂದದ್ದು ಅದೇ ಮೊದಲು. ವೆಂಕಟರಮಣಪ್ಪ ಬಾಟಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಎಲ್ಲಿಡಬೇಕೆಂದು ಗೊತ್ತಾಗದವನ ಹಾಗೆ.

"ಹಂಗಾದ್ರೆ ನೀನೇ ಹಚ್ಚು," ಎಂದಳು ಸಪ್ಪಲಮ್ಮ. "ನಿನ್ನ ಕೈಗೇನಾಗೈತೆ?"

"ತಮಾಷೆ ಬೇಡ ದೊಡ್ಡಮ್ಮ. ನಾಳೆ ಕೇಸಾದ್ರೆ ನಾನು ಬರಲ್ಲ ಬಿಡ್ಸೋಕೆ."

"ಬರ್ಬೇಡ."

"ಪೊಲೀಸು ಜೀಪು ಮನೆ ಮುಂದೆ ನಿಂತ್ರೆ ಗೊತ್ತಾಯ್ತದೆ. ಸುಳ್ಳು ಹೇಳಿದೋಳು ಅಂತ ಊರೆಲ್ಲ ಉಗೀತದೆ."

"ಸುಳ್ಳು ಹೇಳಿದ್ದು ನಿಜ ತಾನೆ? ಉಗೀಲಿ." ಮಾತು ಹೊರಬಿದ್ದ ಮೇಲೆ ಅವಳಿಗೇ ಹೆದರಿಕೆಯಾಯಿತು. ಆದರೂ ನಾಲಗೆ ನಿಲ್ಲಲಿಲ್ಲ. "ನಾಳೆ ಬರ್ತಾರಲ್ಲ, ಅವರನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಹೊರಗಿನವ್ರು ಕೇಳಿದ್ರೆ ಹಿಂಗೇ ಹೇಳೋದು ಸಾಮಿ ನಾವು, ನಮ್ಮತ್ತೆ ಹೇಳ್ತಿದ್ಲು, ನಾನೂ ಹೇಳ್ದೆ, ಭೀಮಂಗೂ ಗೊತ್ತಿತ್ತು ಅಂತ ಹೇಳ್ತೀನಿ. ಆಮೇಲೆ ಎಲ್ಲಿಗೆ ಹಾಕ್ತಾರೋ ಹಾಕ್ಲಿ."

ಭೀಮರಾಜನ ನಗು ಹೋಯಿತು. ಅವನು ಅವಳ ಜೊತೆ ಮಾತು ನಿಲ್ಲಿಸಿ ವೆಂಕಟರಮಣಪ್ಪನ ಕಡೆಗೆ ತಿರುಗಿದ. ಹೆಂಗಸಿನ ಜೊತೆ ಮುಗಿಯದ ಮಾತನ್ನು ಗಂಡನ ಜೊತೆ ಮುಗಿಸುವ ಅಭ್ಯಾಸ ಅವನಿಗೊಬ್ಬನಿಗೇ ಇರುವುದಲ್ಲ.

"ದೊಡ್ಡಪ್ಪ, ಏನಿದು? ನಿಮ್ಮನೇಲಿ ಯಜಮಾನ ಯಾರು? ಬಗರ್ ಹುಕುಂ ಬೇಕೋ ಬೇಡ್ವೋ? ಹೇಳಿ ಅವಳಿಗೆ. ಇಲ್ಲಾಂದ್ರೆ ಅತ್ಲಾಗೆ ಕರ್ಕೊಂಡು ಹೋಗಿ, ನಾನೇ ಗೀರ್ತೀನಿ. ಅವಳೇ ಹಚ್ಚಿದ್ಲು ಅಂತ ಹೇಳಿದ್ರಾಯ್ತು. ಮುನಿಶಾಮಪ್ಪ ಸಾಕ್ಷಿ ಇದ್ದಾನೆ."

ಅದು ನಿಜವಾಗಿತ್ತು. ಮುನಿಶಾಮಪ್ಪ ಈಗ ಊರು ಸೇರಿರುತ್ತಾನೆ. ಬೀಜ ಬಿದ್ದಿದೆಯೆಂದು ಬಾವಿಕಟ್ಟೆಯಲ್ಲಿ ಹೇಳಿರುತ್ತಾನೆ. ಇವಳನ್ನು ಇಲ್ಲಿಂದ ಸರಿಸಿದರೆ ಸಾಕು, ಉಳಿದದ್ದೆಲ್ಲ ಅವಳ ಹೆಸರಿನಲ್ಲೇ ಆಗಿಹೋಗುತ್ತದೆ, ಇನ್ನೊಂದು ಸಲ.

ಸಪ್ಪಲಮ್ಮ ಇಳಿಜಾರಿನ ಕೆಳಗಿನ ಅಂಚಿಗೆ ನಡೆದಳು. ಅಲ್ಲಿಂದ ಹತ್ತು ಹೆಜ್ಜೆಗೆ ಕಮರಿ. ಬೆಂಕಿ ಶುರುವಾಗಬೇಕಾದದ್ದು ಅಲ್ಲಿಂದಲೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಲ್ಲಿನ ನಡುವೆ, ತುಂಬೆಯ ಮೇಲೆ, ಕಾಲು ಚಾಚಿ ಕೂತುಬಿಟ್ಟಳು. ಹೂವು ಭುಜದವರೆಗೆ ಬಂತು. ಮೇಲಿನಿಂದ ನೋಡುವವರಿಗೆ ತಲೆಯೊಂದೇ ಕಾಣುತ್ತಿತ್ತು.

ಭೀಮರಾಜ್ ಬೆಂಕಿಪೊಟ್ಟಣ ತೆಗೆದ. ತೆಗೆದವನು ಗೀರಲಿಲ್ಲ.

"ಕರ್ಕೊಂಡು ಹೋಗಿ ಅಂದೆ ದೊಡ್ಡಪ್ಪ!"

ವೆಂಕಟರಮಣಪ್ಪ ಇಳಿದು ಬಂದ. ಕೈಯಲ್ಲಿ ಬಾಟಲು ಹಾಗೇ ಇತ್ತು. ಅವಳ ಭುಜದ ಮೇಲೆ ಅವನ ನೆರಳು ಬಿತ್ತು. ಅವನು ಹೆದರಿದ್ದ. ಅಷ್ಟು ಹೆದರಿದ ಮುಖವನ್ನು ಅವಳು ಮದುವೆಯಾದಂದಿನಿಂದ ನೋಡಿರಲಿಲ್ಲ. ಅವನ ಮೇಲೆ ಕರುಣೆ ಬಂತು. ಎದ್ದುಬಿಡೋಣ ಅನ್ನಿಸುವಷ್ಟು ಬಂತು.

"ಏಳೇ," ಎಂದ. "ಕೇಳಿಸ್ತಾ? ಎದ್ದೇಳು, ಮನೆಗೆ ಹೋಗಾಣ."

ಅವಳು ಎರಡೂ ಕೈಗೆ ಸಿಕ್ಕಷ್ಟು ಹುಲ್ಲನ್ನು ಬುಡದಲ್ಲಿ ಹಿಡಿದುಕೊಂಡಳು.

"ಏಳಲ್ಲ," ಎಂದಳು.